ಹಕ್ಕಿಗೂ ಮೊದಲು ನೆರಳು ಹುಡುಕಿದೆ

"ಯಾಕಪ್ಪಾ, ಸೂರ್ಯನ ಕಡೆಗೇ ತಿರುಗಿಕೊಂಡು ಫೋಟೊ ತೆಗೀತಿದೀಯ? ಕಪ್ಪಗೆ ಬರಲ್ವಾ?"

ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ದಿನಾ ವಾಕಿಂಗ್ ಬರುವ ಹಿರಿಯರೊಬ್ಬರು ನಿಂತು ಕೇಳಿದರು. "ಕಪ್ಪಗೆ ಬರಲಿ ಅಂತಲೇ ಸಾರ್" ಎಂದೆ. ತಲೆ ಅಲ್ಲಾಡಿಸಿ ಮುಂದೆ ಹೋದರು. ಅವರ ತಪ್ಪೇನಿಲ್ಲ. ಬೆಳಕು ಬೆನ್ನ ಹಿಂದೆ ಇರಬೇಕು ಅಂತಲೇ ನಮಗೆಲ್ಲ ಕಲಿಸಿದ್ದು. ನಾನೂ ನಾಲ್ಕು ವರ್ಷ ಹಾಗೇ ತೆಗೆದೆ. ಬೆಳ್ಳಕ್ಕಿ, ಹೆಜ್ಜಾರ್ಲೆ (ಪೆಲಿಕನ್), ನೀರುಕಾಗೆ ಎಲ್ಲ ಸಿಕ್ಕವು. ಗರಿಗರಿಯೂ ಸ್ಪಷ್ಟ. ಆದರೆ ಹಕ್ಕಿ ಪುಸ್ತಕದಲ್ಲಿ ಗುರುತಿಗೆ ಹಾಕುವ ಚಿತ್ರಗಳ ಹಾಗಿದ್ದವು, ಅಷ್ಟೇ.

ಒಂದು ಬೆಳಿಗ್ಗೆ ಬೆಳ್ಳಕ್ಕಿಯೊಂದು ನನಗೂ ಸೂರ್ಯನಿಗೂ ನಡುವೆ ಹಾರಿತು. ರೆಕ್ಕೆ ತೆಳ್ಳಗಿನ ಪಂಚೆಯ ಹಿಂದೆ ದೀಪ ಇಟ್ಟ ಹಾಗೆ ಬೆಳಗಿತು. ಗಡಿಬಿಡಿಯಲ್ಲಿ ಕ್ಲಿಕ್ ಮಾಡಿದೆ. ಬಂದದ್ದು ಬಿಳಿ ಆಕಾಶದ ಮುಂದೆ ಒಂದು ಬೂದು ಹಕ್ಕಿ. ಕಣ್ಣಿಗೆ ಕಂಡದ್ದು ಕ್ಯಾಮೆರಾದಲ್ಲಿ ಯಾಕಿಲ್ಲ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ.

ಉತ್ತರ ಎದುರು ದಡದ ಮರಗಳಲ್ಲಿತ್ತು. ಸೂರ್ಯ ಆ ಮರಗಳ ಹಿಂದಿನಿಂದ ಏರುವಾಗ ನಮ್ಮ ಕಡೆಗಿರುವ ಅವುಗಳ ಮುಖಕ್ಕೆ ಬಿಸಿಲು ಬೀಳುವುದಿಲ್ಲ. ಅದು ಕತ್ತಲೆ ಗೋಡೆ. ಸೂರ್ಯ ಮರದ ತಲೆ ದಾಟಿದ ಕೂಡಲೇ ನೀರಿನ ಮೇಲಿರುವ ಹಕ್ಕಿಗೆ ಹಿಂದಿನಿಂದ ಬಿಸಿಲು ಬೀಳುತ್ತದೆ, ಗೋಡೆ ಮಾತ್ರ ಕತ್ತಲಲ್ಲೇ ಇರುತ್ತದೆ. ನನಗೆ ಬೇಕಿದ್ದ ಕಪ್ಪು ಹಿನ್ನೆಲೆ ಅದೇ. ಆಮೇಲೆ ಹಕ್ಕಿಯ ಹಿಂದೆ ಓಡುವುದು ಬಿಟ್ಟೆ. ಮೊದಲು ನೆರಳು ಹುಡುಕಿ, ಅದರ ಎದುರು ಕೂತು, ಹಕ್ಕಿಯೇ ಅಲ್ಲಿಗೆ ಬರಲಿ ಅಂತ ಕಾಯತೊಡಗಿದೆ.

ಕೂರುವ ಎತ್ತರ ಬಹಳ ಮುಖ್ಯ. ನಿಂತುಕೊಂಡು ನೋಡಿದರೆ ಹಕ್ಕಿಯ ಹಿಂದೆ ನೀರು ಬರುತ್ತದೆ, ಆ ನೀರಲ್ಲಿ ಆಕಾಶ ಹೊಳೆಯುತ್ತಿರುತ್ತದೆ. ದಡದಲ್ಲಿ ಕುಕ್ಕರಗಾಲಲ್ಲಿ ಕೂತರೆ ಅದೇ ಹಕ್ಕಿಯ ಹಿಂದೆ ಮರದ ನೆರಳು ಬರುತ್ತದೆ. ಕೆಲವೊಮ್ಮೆ ಎರಡು ಹೆಜ್ಜೆ ಎಡಕ್ಕೆ ಸರಿದರೆ ಸಾಕು. ಮಂಡಿ ನೋವು ಬೇರೆ ವಿಷಯ ಬಿಡಿ.

ಕ್ಯಾಮೆರಾವನ್ನು ಆಟೊದಲ್ಲಿ ಬಿಟ್ಟರೆ ಕೆಟ್ಟಿತು. ಚೌಕಟ್ಟಿನ ತುಂಬ ಕತ್ತಲೆ ಕಂಡು, ಪಾಪ, ಅದು ಬೆಳಕು ಜಾಸ್ತಿ ಮಾಡುತ್ತದೆ. ಮರ ಬೂದಿ ಬಣ್ಣಕ್ಕೆ ತಿರುಗುತ್ತದೆ, ರೆಕ್ಕೆಯ ಅಂಚು ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ. ನಾನು ಎಲ್ಲವನ್ನೂ ಕೈಯಾರೆ ಹೊಂದಿಸುವ ಮ್ಯಾನ್ಯುವಲ್‌ನಲ್ಲೇ ಇಡುತ್ತೇನೆ. ನನ್ನದು ನಿಕಾನ್ ಡಿ7200, 150-600 ಎಂಎಂ ಲೆನ್ಸ್. ಐಎಸ್ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 400, ಎಫ್ (ಲೆನ್ಸ್ ಬಾಯಿಯ ಅಳತೆ) 6.3, ಶಟರ್ 1/2000 ಸೆಕೆಂಡಿನಿಂದ ಶುರು. ಒಂದು ಚಿತ್ರ ತೆಗೆದು ಸ್ಕ್ರೀನ್ ನೋಡುತ್ತೇನೆ. ಬೆಳಕು ಅತಿಯಾಯಿತು ಅಂತ ಅಂಚಿನ ಬಿಳಿ ಮಿಣುಕುತ್ತಿದ್ದರೆ, ಬೆಳಕು ತಗ್ಗಿಸಲು ಶಟರ್ ವೇಗವನ್ನು 1/2500, 1/3200 ಅಂತ ಏರಿಸುತ್ತಾ ಹೋಗುತ್ತೇನೆ. ಚಿತ್ರದ ಬೆಳಕು ಕತ್ತಲೆ ತೋರಿಸುವ ಹಿಸ್ಟೊಗ್ರಾಮ್ ನಕ್ಷೆ ಪೂರ್ತಿ ಎಡಕ್ಕೆ, ಅಂದರೆ ಕತ್ತಲೆ ಕಡೆಗೆ, ಒತ್ತಿಕೊಂಡಿರುತ್ತದೆ. ಹೆದರಬೇಕಾಗಿಲ್ಲ. ಹಕ್ಕಿಯ ಮೈ ಕಪ್ಪಾದರೂ ಪರವಾಗಿಲ್ಲ, ಅಂಚು ಉಳಿಯಬೇಕು. ಫೋಕಸ್‌ಗೆ ಒಂದೇ ಪಾಯಿಂಟ್ ಇಟ್ಟು, ಬೆಳಕು ಕತ್ತಲೆ ಸೇರುವ ಕತ್ತಿನ ಗೆರೆಯ ಮೇಲೆ ಹಿಡಿಯುತ್ತೇನೆ. ಕಪ್ಪು ಮೈ ಮೇಲೆ ಇಟ್ಟರೆ ಲೆನ್ಸ್ ಹಿಂದೆ ಮುಂದೆ ಹುಡುಕಾಡುತ್ತಲೇ ಇರುತ್ತದೆ.

ಲೆನ್ಸ್ ಮುಂದಿನ ಯುವಿ ಫಿಲ್ಟರ್ ತೆಗೆದು ಬ್ಯಾಗಿಗೆ ಹಾಕಿದ್ದು ತಡವಾಗಿ. ಮೊದಲ ಚಳಿಗಾಲದ ಅರ್ಧ ಚಿತ್ರಗಳಲ್ಲಿ ಕಪ್ಪಿನ ಮೇಲೆ ಹಾಲು ಚೆಲ್ಲಿದಂಥ ಮಸುಕು. ತಪ್ಪು ಆ ಫಿಲ್ಟರ್ ಗಾಜಿನದು, ನಾನು ಲೆನ್ಸನ್ನೇ ಬೈದುಕೊಳ್ಳುತ್ತಿದ್ದೆ. ಈಗ ಲೆನ್ಸಿಗೆ ಬಿಸಿಲು ತಡೆಯುವ ಹುಡ್ ಹಾಕುತ್ತೇನೆ, ಅದೂ ಸಾಲದಿದ್ದರೆ ಟೋಪಿಯನ್ನು ಮೇಲೆ ಅಡ್ಡ ಹಿಡಿಯುತ್ತೇನೆ. ಸೂರ್ಯ ಯಾವಾಗಲೂ ಚೌಕಟ್ಟಿನ ಹೊರಗಿರಬೇಕು. ನನ್ನದರಂಥ ಡಿಎಸ್ಎಲ್ಆರ್ ಕ್ಯಾಮೆರಾದಲ್ಲಿ ಕಣ್ಣಿಡುವ ಕಿಂಡಿಯಿಂದ ಇಂಥ ಲೆನ್ಸ್ ಮೂಲಕ ಸೂರ್ಯನನ್ನು ನೋಡಿದರೆ ಕಣ್ಣೇ ಹೋಗಬಹುದು.

ಡಿಸೆಂಬರ್, ಜನವರಿಯಲ್ಲಿ ಮಂಜು ಇನ್ನೊಂದು ಕಾಟ. ನೋಡೋಕೆ ಚೆಂದ. ಆದರೆ ಹಿಂದಿನ ಬಿಸಿಲು ಮಂಜಿಗೆ ಹೊಡೆದು ನನ್ನ ಕತ್ತಲೆ ಗೋಡೆಯನ್ನೇ ಬೆಳಗಿಸಿಬಿಡುತ್ತದೆ. ಮಂಜು ಕರಗಬೇಕು, ಸೂರ್ಯ ಜಾಸ್ತಿ ಮೇಲೇರಿರಬಾರದು. ನನಗೆ ಸಿಗುವುದು ಇಪ್ಪತ್ತು, ಇಪ್ಪತ್ತೈದು ನಿಮಿಷ.

ಎಲ್ಲ ಹಕ್ಕಿಯೂ ಈ ಬೆಳಕಿಗೆ ಒಂದೇ ಥರ ಒಗ್ಗುವುದಿಲ್ಲ. ಬೆಳ್ಳಕ್ಕಿಯ ರೆಕ್ಕೆಯಲ್ಲಿ ಬೆಳಕು ಹಾದು ಬರುತ್ತದೆ. ನೀರುಕಾಗೆಯ ಕಪ್ಪು ಗರಿಯಲ್ಲಿ ಹಾಯುವುದಿಲ್ಲ, ಅಂಚಿನಲ್ಲಿ ಒಂದು ಗೆರೆ ಮಾತ್ರ. ಆದರೆ ಅದು ನೀರಿಂದ ಎದ್ದು ಮೈ ಕೊಡವಿದಾಗ ಒಂದೊಂದು ಹನಿಯೂ ಕಿಡಿಯಾಗುತ್ತದೆ. ನನಗೆ ಅತಿ ಇಷ್ಟವಾದದ್ದು ಹೆಜ್ಜಾರ್ಲೆ. ಕೊಕ್ಕಿನ ಕೆಳಗಿನ ಚೀಲ ಹಿಗ್ಗಿದಾಗ ಹಿಂದಿನ ಬಿಸಿಲಿಗೆ ಅದು ಕೆಂಪಗೆ ಬೆಳಗಿ, ಒಳಗಿನ ರಕ್ತನಾಳಗಳು ಎಲೆಯ ನರಗಳಂತೆ ಕಾಣುತ್ತವೆ. ಬೆಳಕು ಬೆನ್ನಿಗಿದ್ದ ನಾಲ್ಕು ವರ್ಷದಲ್ಲಿ ಒಮ್ಮೆಯೂ ಕಾಣದ್ದು ಅದು.

ಮನೆಗೆ ಬಂದ ಮೇಲೆ ಕೆಲಸ ಕಡಿಮೆ. ಕ್ಯಾಮೆರಾದ ಮೂಲ ರಾ ಫೈಲಿನಲ್ಲಿ ಬ್ಲ್ಯಾಕ್ಸ್ ಸ್ವಲ್ಪ ಇಳಿಸಿ ಕಪ್ಪನ್ನು ಇನ್ನಷ್ಟು ಗಾಢ ಮಾಡುತ್ತೇನೆ, ಅಷ್ಟೇ. ಬ್ರಶ್ ಹಿಡಿದು ಹಿನ್ನೆಲೆಗೆ ಕಪ್ಪು ಬಳಿಯುವುದಿಲ್ಲ. ಹಾಗಾದರೆ ಬೆಳಿಗ್ಗೆ ಐದಕ್ಕೆ ಎದ್ದದ್ದು ಯಾಕೆ, ಅಲ್ವಾ?

ಆ ಹಿರಿಯರಿಗೆ ಮೊಬೈಲಿನಲ್ಲಿ ಹೆಜ್ಜಾರ್ಲೆ ಚಿತ್ರ ತೋರಿಸಿದೆ. ಬೆರಳಲ್ಲಿ ದೊಡ್ಡದು ಮಾಡಿ ನೋಡಿ, "ರಾತ್ರಿ ತೆಗೆದದ್ದಾ ಇದು?" ಎಂದರು. ಹಾವಿನಂಥ ಕತ್ತಿನ ಹಾವಕ್ಕಿಯ ಇಂಥ ಚಿತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಕೊಕ್ಕಲ್ಲಿ ಚುಚ್ಚಿದ ಮೀನನ್ನು ಅದು ಮೇಲಕ್ಕೆ ಎಸೆದು ನುಂಗುತ್ತದೆ. ಪ್ರತಿ ಸಲವೂ ಮೀನು ಚೌಕಟ್ಟಿನ ಹೊರಗೆ.