ಗಿಡಮೂಲಿಕೆ ಮಾತ್ರೆ ಕೊಳ್ಳುವ ಮುಂಚೆ ಡಬ್ಬಿ ತಿರುಗಿಸಿ ನೋಡಿ

ತೀರ್ಥಹಳ್ಳಿಯಲ್ಲಿ ನಾನು ಮೆಡಿಕಲ್ ಶಾಪ್ ಹಾಕಿ 22 ವರ್ಷ ಆಯಿತು. ದಿನಕ್ಕೆ ನಾಲ್ಕೈದು ಜನವಾದರೂ ಮೊಬೈಲ್ ಚಾಚಿ ಒಂದು ಡಬ್ಬಿಯ ಚಿತ್ರ ತೋರಿಸುತ್ತಾರೆ. ಅಶ್ವಗಂಧ, ಅರಿಶಿನ, ಅಮೃತಬಳ್ಳಿ, ನುಗ್ಗೆಸೊಪ್ಪಿನ ಮಾತ್ರೆ, ಎಂಥದೋ ಒಂದು. "ಅಕ್ಕ, ಇದು ಒಳ್ಳೇದಾ?" ಅಂತ ಕೇಳುತ್ತಾರೆ.

ಆ ಪ್ರಶ್ನೆಗೆ ನಾನು ಮೊದಲೆಲ್ಲ ಸಲೀಸಾಗಿ "ಹೌದು, ನ್ಯಾಚುರಲ್ ಅಲ್ವಾ" ಅನ್ನುತ್ತಿದ್ದೆ. ಈಗ ಅನ್ನುವುದಿಲ್ಲ. ಕಾರಣ ಉಪ್ಪಾಗೆ.

ಹತ್ತು ವರ್ಷದ ಹಿಂದಿನ ಮಾತು. ಕಂಪನಿಯ ರೆಪ್ ಒಬ್ಬ ಬಂದು ತೂಕ ಇಳಿಸುವ ಮಾತ್ರೆ ಅಂತ ಆರು ಡಬ್ಬಿ ಇಟ್ಟು ಹೋದ. ಒಂದಕ್ಕೆ 1,400 ರೂಪಾಯಿ. ಮುಂಭಾಗದಲ್ಲಿ ಬಂಗಾರದ ಬಣ್ಣದಲ್ಲಿ 'ಕ್ಲಿನಿಕಲಿ ಪ್ರೂವನ್', ಅಂದರೆ ಪ್ರಯೋಗದಲ್ಲಿ ಸಾಬೀತಾದದ್ದು ಅಂತ ಇತ್ತು. ಟೀಚರ್ ಒಬ್ಬರು ನನ್ನ ಮಾತು ನಂಬಿ ಮೂರು ಡಬ್ಬಿ ತಗೊಂಡರು. ಮೂರು ತಿಂಗಳು ಬಿಟ್ಟು ಬಂದರು. "ಒಂದು ಕೆಜಿನೂ ಇಳೀಲಿಲ್ಲ ಮಾರಾಯ್ತಿ, ಮೇಲಿಂದ ಹೊಟ್ಟೆ ತೊಳಸ್ತದೆ." ಅವತ್ತೇ ನಾನು ಆ ಡಬ್ಬಿಯನ್ನು ಮೊದಲ ಸಲ ತಿರುಗಿಸಿ ಓದಿದ್ದು. ಗಾರ್ಸಿನಿಯಾ ಕಾಂಬೋಜಿಯಾ ಅಂತ ಬರೆದಿತ್ತು. ಅಂದರೆ ಉಪ್ಪಾಗೆ! ಮಳೆಗಾಲದಲ್ಲಿ ನಮ್ಮ ಅತ್ತೆ ಕಾಡಿನಿಂದ ಬುಟ್ಟಿಗಟ್ಟಲೆ ತಂದು, ಬೀಜ ತೆಗೆದು, ಬಿಸಿಲಿಲ್ಲದ್ದಕ್ಕೆ ಒಲೆ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸುವ ಅದೇ ಸಿಪ್ಪೆ. ಸಾರಿನ ಹುಳಿಗೆ ಹಾಕುವುದು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಡಬ್ಬಿಗೆ ತುಂಬಿ ಬೆಲೆ ಚೀಟಿ ಅಂಟಿಸಿದರೆ ಮಾತ್ರ ಮದ್ದಾಗಿಬಿಡುತ್ತದೆ.

ರಾತ್ರಿ ಕೂತು ಹುಡುಕಿದೆ. 1998ರಲ್ಲಿ ಅಮೆರಿಕದ ಜಾಮಾ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಪ್ರಯೋಗ ಬಂದಿತ್ತು. ದಪ್ಪ ಇರುವ 135 ಜನ. ಅರ್ಧದಷ್ಟು ಜನಕ್ಕೆ ಉಪ್ಪಾಗೆಯ ಸತ್ವವಾದ ಹೈಡ್ರಾಕ್ಸಿಸಿಟ್ರಿಕ್ ಆಸಿಡ್ ದಿನಕ್ಕೆ 1,500 ಮಿಲಿಗ್ರಾಂ. ಉಳಿದವರಿಗೆ ಏನೂ ಇಲ್ಲದ ಸಪ್ಪೆ ಮಾತ್ರೆ. ಇಬ್ಬರಿಗೂ ಒಂದೇ ಥರದ ಪಥ್ಯ. 12 ವಾರ ಆದಮೇಲೆ ಉಪ್ಪಾಗೆಯವರು ಸರಾಸರಿ 3.2 ಕೆಜಿ ಇಳಿದಿದ್ದರು. ಸಪ್ಪೆ ಮಾತ್ರೆಯವರು 4.1 ಕೆಜಿ. ಆ ವ್ಯತ್ಯಾಸ ಲೆಕ್ಕಕ್ಕೆ ಹಿಡಿಯುವಷ್ಟು ದೊಡ್ಡದೇನಲ್ಲ. ಆದರೆ ಇಳಿದದ್ದು ಪಥ್ಯದಿಂದ ಅನ್ನುವುದಂತೂ ಸ್ಪಷ್ಟ. ನಾನು ಡಬ್ಬಿ ಮಾರುವ ಹೊತ್ತಿಗೆ ಈ ಫಲಿತಾಂಶಕ್ಕೆ ಹದಿನೈದು ವರ್ಷಕ್ಕೂ ಜಾಸ್ತಿ ವಯಸ್ಸಾಗಿತ್ತು.

ಟೀಚರಿಗೆ ದುಡ್ಡು ವಾಪಸ್ ಕೊಟ್ಟೆ. ಉಳಿದ ಮೂರು ಡಬ್ಬಿ ರೆಪ್‌ಗೆ ವಾಪಸ್ ಹೋಯಿತು. ಅಲ್ಲಿಂದ ನಾನು ಡಬ್ಬಿ ಓದುವುದನ್ನು ನಿಧಾನಕ್ಕೆ ಕಲಿತೆ. ನೀವೂ ಕಲಿಯಬಹುದು. ಡಿ.ಫಾರ್ಮ ಓದಿರಬೇಕು ಅಂತೇನಿಲ್ಲ.

ಮೊದಲು ಗಿಡ ಯಾವುದು ಅಂತ ಗೊತ್ತುಮಾಡಿಕೊಳ್ಳಿ

ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಗಿಡದ ಲ್ಯಾಟಿನ್ ಹೆಸರು ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಜೊತೆಗೆ ಯಾವ ಭಾಗ ಅಂತಲೂ ನೋಡಿ: ಬೇರಾ, ಎಲೆಯಾ, ಬೀಜವಾ. ಪುಡಿಯಾ, ಸತ್ವವಾ, ಅಂದರೆ ಎಕ್ಸ್‌ಟ್ರಾಕ್ಟಾ.

ಇದು ಯಾಕೆ ಮುಖ್ಯ ಅಂದರೆ, ನಮ್ಮಲ್ಲಿ ಬ್ರಾಹ್ಮಿ ಅಂದರೆ ಒಂದೆಲಗ. ಗದ್ದೆ ಬದುವಿನಿಂದ ಕಿತ್ತು ತಂದು ತಂಬುಳಿ ಮಾಡುತ್ತೇವೆ, ಪರೀಕ್ಷೆ ಹೊತ್ತಿಗೆ ಮಕ್ಕಳಿಗೆ ಒತ್ತಾಯಿಸಿ ತಿನ್ನಿಸುತ್ತೇವೆ. ಅದು ಸೆಂಟೆಲ್ಲಾ ಏಷಿಯಾಟಿಕಾ. ಆದರೆ 'ಬ್ರಾಹ್ಮಿಯಿಂದ ನೆನಪಿನ ಶಕ್ತಿ' ಅಂತ ಜಾಹೀರಾತಿನಲ್ಲಿ ಹೇಳುವ ಪ್ರಯೋಗಗಳು ಹೆಚ್ಚಿನವು ಬಕೋಪಾ ಮೊನ್ನಿಯೇರಿ ಮೇಲೆ ಆದವು. ಅದು ನೀರುಬ್ರಾಹ್ಮಿ, ಬೇರೆಯೇ ಗಿಡ, ಎಲೆಯ ಆಕಾರವೇ ಬೇರೆ. ಆಸ್ಟ್ರೇಲಿಯಾದಲ್ಲಿ 46 ಜನರ ಮೇಲೆ 12 ವಾರ ನಡೆದ, 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ 300 ಮಿಲಿಗ್ರಾಂ ಕೊಟ್ಟದ್ದೂ ಬಕೋಪಾ ಸತ್ವವನ್ನೇ. ಒಂದು ಗಿಡದ ಪ್ರಯೋಗ ತೋರಿಸಿ ಇನ್ನೊಂದು ಗಿಡ ಮಾರುವುದು ಬೇಕಂತಲೇ ಮಾಡುವ ಮೋಸ ಅಂತ ನಾನು ಹೇಳುವುದಿಲ್ಲ. ಹೆಸರು ಒಂದೇ ಆದಾಗ ಎಡವಟ್ಟು ಸುಲಭ. ತಂಬುಳಿ ಮಾತ್ರ ಬಿಡಬೇಡಿ, ಅದಕ್ಕೆ ಪುರಾವೆ ಯಾಕೆ?

ಯಾವುದರ ಜೊತೆ ಹೋಲಿಸಿದರು?

ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಯಾಕೆಂದರೆ ಎಲ್ಲರೂ ಜಾರುವುದು ಇಲ್ಲೇ.

ನಮ್ಮೂರಲ್ಲಿ ಅರಿಶಿನ ಕಾಮಾಲೆ ಬಂದರೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡುವವರು ಇದ್ದಾರೆ. ಮೂರ್ನಾಲ್ಕು ವಾರದಲ್ಲಿ ಕಣ್ಣಿನ ಹಳದಿ ಇಳಿಯುತ್ತದೆ. ಕೊಟ್ಟವರಿಗೆ ಹೆಸರು ಬರುತ್ತದೆ. ಆದರೆ ನೀರಿನಿಂದ ಬರುವ ಹೆಪಟೈಟಿಸ್ ಎ ಅನ್ನುವ ಕಾಮಾಲೆ ಹೆಚ್ಚಿನವರಿಗೆ ಕೆಲವು ವಾರದಲ್ಲಿ ತಾನಾಗೇ ವಾಸಿಯಾಗುತ್ತದೆ. ಮದ್ದು ಕುಡಿದವರಿಗೂ, ಬರೀ ಗಂಜಿ ಕುಡಿದವರಿಗೂ. ಹಾಗಾದರೆ ವಾಸಿ ಮಾಡಿದ್ದು ಯಾವುದು? ಗಂಜಿ ಕುಡಿದ ಇನ್ನೊಂದು ಗುಂಪನ್ನು ಪಕ್ಕದಲ್ಲಿ ಇಟ್ಟು ನೋಡದೆ ಹೇಳಲಿಕ್ಕೆ ಬರುವುದಿಲ್ಲ.

ಈ ಗಿಡದ ಮೇಲೆ ನಿಜವಾದ ಪ್ರಯೋಗ ಆಗಿದೆ, ಅದೂ ಪಕ್ಕದ ಮದ್ರಾಸಿನಲ್ಲಿ. ಹೆಪಟೈಟಿಸ್ ಬಿ ವೈರಸ್ ಮೈಯಲ್ಲೇ ಉಳಿದುಬಿಟ್ಟವರಿಗೆ 30 ದಿನ ನೆಲನೆಲ್ಲಿ ಕೊಟ್ಟರು. 37 ಜನರಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಕಾಣೆಯಾಯಿತು. ಸಪ್ಪೆ ಮಾತ್ರೆ ತಗೊಂಡ 23 ಜನರಲ್ಲಿ ಒಬ್ಬರಿಗೆ ಮಾತ್ರ. 1988ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು, ದೊಡ್ಡ ಸುದ್ದಿಯಾಯಿತು. ಓದುವಾಗ ನನಗೂ ಮೈ ಜುಮ್ಮೆಂದಿತ್ತು, ನಮ್ಮ ಅಂಗಳದ ಗಿಡ! ಆಮೇಲೆ ಬೇರೆ ಕಡೆಯವರು ಮಾಡಿ ನೋಡಿದಾಗ ಆ ಫಲಿತಾಂಶ ಮತ್ತೆ ಬರಲಿಲ್ಲ. ಹಾಗಾಗಿ ಒಂದೇ ಪ್ರಯೋಗದ ಕಟಿಂಗ್ ತೋರಿಸಿದರೆ, ಅದು ಎಷ್ಟೇ ದೊಡ್ಡ ಪತ್ರಿಕೆಯದಾದರೂ, "ಆಮೇಲೆ ಯಾರು ಮಾಡಿ ನೋಡಿದರು?" ಅಂತ ಕೇಳಿ.

ಗಿಡಮೂಲಿಕೆ ಎಲ್ಲ ಸುಳ್ಳು ಅನ್ನುವವರ ಪಂಗಡ ನನ್ನದಲ್ಲ. ಬೊಂಬಾಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬಿಪಿಗೆ ಸರ್ಪಗಂಧ ಕೊಟ್ಟ 50 ರೋಗಿಗಳ ಲೆಕ್ಕವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದರು. ಅದರಿಂದ ಜಗತ್ತೇ ಆ ಬೇರಿನ ಕಡೆ ತಿರುಗಿತು. ಬೇರಿನಿಂದ ತೆಗೆದ ರೆಸರ್ಪಿನ್ ವರ್ಷಗಟ್ಟಲೆ ಬಿಪಿ ಮಾತ್ರೆಯಾಗಿ ಓಡಿತು. ಅದೇ ಮಾತ್ರೆ ಕೆಲವರ ಮನಸ್ಸನ್ನು ಕುಗ್ಗಿಸುತ್ತದೆ ಅನ್ನುವುದೂ ಆಮೇಲೆ ತಿಳಿಯಿತು. ಕೆಲಸ ಮಾಡುವ ಗಿಡಕ್ಕೆ ಅಡ್ಡಪರಿಣಾಮವೂ ಇರುತ್ತದೆ.

ಪ್ರಮಾಣದ ಲೆಕ್ಕ ಹಾಕಿ

ಪೆನ್ನು ಕಾಗದ ಸಾಕು. ಸಕ್ಕರೆ ಕಾಯಿಲೆಗೆ ಮೆಂತ್ಯದ ಮಾತ್ರೆ ಕೇಳಿಕೊಂಡು ಬರುವವರು ಬಹಳ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರ 1990ರ ಪ್ರಯೋಗದಲ್ಲಿ ಜಿಡ್ಡು ತೆಗೆದ ಮೆಂತ್ಯದ ಪುಡಿಯನ್ನು ಊಟದಲ್ಲಿ ಬೆರೆಸಿ ಕೊಟ್ಟಾಗ ಸಕ್ಕರೆ ಇಳಿದದ್ದು ನಿಜ. ಆದರೆ ಕೊಟ್ಟದ್ದು ದಿನಕ್ಕೆ 100 ಗ್ರಾಂ. ನಿಮ್ಮ ಕ್ಯಾಪ್ಸೂಲಿನಲ್ಲಿ 500 ಮಿಲಿಗ್ರಾಂ ಇದೆ. ಭಾಗಿಸಿದರೆ ದಿನಕ್ಕೆ 200 ಕ್ಯಾಪ್ಸೂಲ್. ಹೊಸನಗರ ಕಡೆಯ ಯಜಮಾನರೊಬ್ಬರಿಗೆ ಇದನ್ನು ಹೇಳಿದೆ. "ಹಂಗಾದ್ರೆ ದೋಸೆಗೇ ಹಾಕ್ತೀನಿ ಬಿಡಿ" ಅಂತ ನಕ್ಕು ಹೋದರು.

ಅರಿಶಿನವೂ ಹಾಗೇ. ಮಂಡಿ ಸವೆತದ ನೋವಿಗೆ ಥಾಯ್ಲೆಂಡಿನಲ್ಲಿ 367 ಜನರ ಮೇಲೆ ಮಾಡಿದ, 2014ರಲ್ಲಿ ಪ್ರಕಟವಾದ ಪ್ರಯೋಗ ಒಳ್ಳೆಯದಿದೆ. ಅರಿಶಿನದ ಸತ್ವ ದಿನಕ್ಕೆ 1,500 ಮಿಲಿಗ್ರಾಂ, ಇನ್ನೊಂದು ಗುಂಪಿಗೆ ನೋವಿನ ಮಾತ್ರೆ ಐಬುಪ್ರೊಫೆನ್ 1,200 ಮಿಲಿಗ್ರಾಂ. ನಾಲ್ಕು ವಾರದಲ್ಲಿ ನೋವು ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ಥರ ಇಳಿಯಿತು. ಹೊಟ್ಟೆಯ ತೊಂದರೆ ಅರಿಶಿನದವರಿಗೆ ಕಮ್ಮಿ. ಆದರೆ ಇದು ಸತ್ವದ ಮಾತು. ಅಡುಗೆ ಅರಿಶಿನದಲ್ಲಿ ಕರ್ಕ್ಯುಮಿನ್, ಅಂದರೆ ಅದರ ಮುಖ್ಯ ಸತ್ವ, ಇರುವುದೇ ನೂರಕ್ಕೆ ಸುಮಾರು ಮೂರು ಪಾಲು. ಒಂದು ಚಮಚ, ಅಂದರೆ 3 ಗ್ರಾಂ ಪುಡಿ ಹಾಕಿದರೂ 90 ಮಿಲಿಗ್ರಾಂ ಆಸುಪಾಸು. ಅದರಲ್ಲೂ ಹೆಚ್ಚಿನದು ಮೈಗೆ ಹತ್ತುವುದಿಲ್ಲ. ರಾತ್ರಿ ಅರಿಶಿನ ಹಾಲು ಕುಡಿಯಿರಿ, ಬೆಚ್ಚಗೆ ಚೆನ್ನಾಗಿರುತ್ತದೆ. ಮಂಡಿಗೆ ಅದರಿಂದ ಥಾಯ್ಲೆಂಡಿನ ಫಲಿತಾಂಶ ನಿರೀಕ್ಷಿಸಬೇಡಿ.

ಅಶ್ವಗಂಧಕ್ಕೆ ಬಂದರೆ, ಮನಸ್ಸಿನ ಒತ್ತಡ ಕಮ್ಮಿಯಾಗುತ್ತದೆ ಅನ್ನುವ ಪ್ರಯೋಗಗಳು ಇವೆ. ಬಹಳ ಸಲ ಉದಾಹರಿಸುವ 2012ರ ಭಾರತದ ಪ್ರಯೋಗದಲ್ಲಿ ಇದ್ದವರು 64 ಜನ, ಕೊಟ್ಟದ್ದು ಬೇರಿನ ಸತ್ವ 300 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಅವಧಿ 60 ದಿನ. ಎರಡು ತಿಂಗಳು ಪರವಾಗಿಲ್ಲ ಅಂತ ಇದರಿಂದ ಹೇಳಬಹುದು. ಎರಡು ವರ್ಷ ನುಂಗಿದರೆ ಏನಾಗುತ್ತದೆ ಅಂತ ಹೇಳಲಾಗುವುದಿಲ್ಲ. ಗರ್ಭಿಣಿಯರಿಗೆ ಬೇಡವೇ ಬೇಡ. ಥೈರಾಯ್ಡ್ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಎಲ್ಲಿ ಹುಡುಕುವುದು

ಮೊಬೈಲಿನಲ್ಲೇ ಆಗುತ್ತದೆ. ವೈದ್ಯಕೀಯ ಲೇಖನಗಳ ಸಾರಾಂಶ ಸಿಗುವ ಪಬ್‌ಮೆಡ್ ಅನ್ನುವ ತಾಣ ತೆರೆಯಿರಿ, ದುಡ್ಡು ಕೊಡಬೇಕಿಲ್ಲ. ಬರೆದಿಟ್ಟುಕೊಂಡ ಲ್ಯಾಟಿನ್ ಹೆಸರು ಹಾಕಿ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ 'ಪ್ಲಸೀಬೊ' ಅಂತ ಸೇರಿಸಿ, ಸಪ್ಪೆ ಮಾತ್ರೆಗೆ ಅವರು ಹೇಳುವ ಹೆಸರು ಅದು. ಬಂದ ಸಾರಾಂಶದಲ್ಲಿ ಇಲಿ ಅಂತ ಇದ್ದರೆ ಮುಂದಕ್ಕೆ ಹೋಗಿ. ಮನುಷ್ಯರು ಎಷ್ಟು ಜನ, ಎಷ್ಟು ವಾರ, ಎಷ್ಟು ಮಿಲಿಗ್ರಾಂ ಅಂತ ನೋಡಿ. ದುಡ್ಡು ಹಾಕಿದವರು ಯಾರು ಅಂತ ಲೇಖನದ ಕೊನೆಯಲ್ಲಿ ಇರುತ್ತದೆ. ಮಾರುವವರೇ ದುಡ್ಡು ಹಾಕಿದ್ದರೆ ಸುಳ್ಳು ಅಂತಲ್ಲ, ಇನ್ನೊಬ್ಬರೂ ಮಾಡಿ ನೋಡುವವರೆಗೆ ಕಾಯುವುದು ವಾಸಿ. ನಮ್ಮ ದೇಶದ ಪ್ರಯೋಗವಾದರೆ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನವರ ಸಿಟಿಆರ್‌ಐ ಅನ್ನುವ, ಪ್ರಯೋಗಗಳ ದಾಖಲೆ ಪಟ್ಟಿಯಲ್ಲಿ ಇರಬೇಕು. ಅದು 2007ರಲ್ಲಿ ಶುರುವಾದದ್ದು. ಲಿವರ್ ಬಗ್ಗೆ ಅನುಮಾನ ಇದ್ದರೆ ಯಾವ ಮದ್ದು ಲಿವರಿಗೆ ಏಟು ಕೊಡುತ್ತದೆ ಅಂತ ಹೇಳುವ ಲಿವರ್‌ಟಾಕ್ಸ್ ಅಂತ ಒಂದು ತಾಣ ಇದೆ, ಗಿಡಗಳ ಹೆಸರೂ ಅದರಲ್ಲಿ ಸಿಗುತ್ತದೆ.

ಡಬ್ಬಿಯ ಮೇಲೆ 'ಹೆಲ್ತ್ ಸಪ್ಲಿಮೆಂಟ್' ಮತ್ತು 'ನಾಟ್ ಫಾರ್ ಮೆಡಿಸಿನಲ್ ಯೂಸ್' ಅಂತ ಎರಡೂ ಇರುವುದು ನೋಡಿದ್ದೀರಾ? ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ನಿಯಮದ ಪ್ರಕಾರ ಹಾಗೆ ಬರೆಯಲೇಬೇಕು. ಮದ್ದಲ್ಲ ಅಂತ ಹಿಂದೆ ಅವರೇ ಬರೆದಿರುತ್ತಾರೆ, ನಾವು ಮುಂಭಾಗ ಮಾತ್ರ ಓದುತ್ತೇವೆ.

ತೊಂದರೆ ಎಲ್ಲಿಂದ ಬರುತ್ತದೆ

ಕೊರೋನಾ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿಯದ ಮನೆಯೇ ಇರಲಿಲ್ಲ. 2020ರ ಸೆಪ್ಟೆಂಬರಿನಿಂದ ಡಿಸೆಂಬರಿನೊಳಗೆ ಮುಂಬೈನಲ್ಲಿ ಹಾಗೆ ಕುಡಿದ ಆರು ಜನರ ಲಿವರಿಗೆ ಏಟು ಬಿದ್ದದ್ದನ್ನು ಅಲ್ಲಿನ ವೈದ್ಯರು ದಾಖಲಿಸಿದರು. ಆಮೇಲೆ ದೇಶದ ಬೇರೆ ಊರುಗಳಿಂದಲೂ ಬಂತು. ಅದು ಅಮೃತಬಳ್ಳಿಯೇ ಅಲ್ಲ, ಅದರ ಹಾಗೇ ಕಾಣುವ ಇನ್ನೊಂದು ಬಳ್ಳಿ ಇರಬಹುದು ಅಂತ ಆಯುಷ್ ಸಚಿವಾಲಯ ವಾದಿಸಿತು. ಸರಿ, ಹಾಗೇ ಇರಲಿ. ಪೇಟೆಯಿಂದ ಪುಡಿ ತರುವ ನನಗೂ ನಿಮಗೂ ಬಳ್ಳಿ ಯಾವುದು ಅಂತ ಗುರುತಿಸಲು ಬರುತ್ತದಾ?

ಕರಿಮೆಣಸಿನ ಪೈಪರೀನ್ ಸೇರಿಸಿದ ಅರಿಶಿನದ ಕ್ಯಾಪ್ಸೂಲ್ ಇನ್ನೊಂದು. ಪೈಪರೀನ್ ಜೊತೆ ಕೊಟ್ಟರೆ ಕರ್ಕ್ಯುಮಿನ್ 20 ಪಟ್ಟು ಜಾಸ್ತಿ ರಕ್ತಕ್ಕೆ ಸೇರುತ್ತದೆ ಅಂತ ತೋರಿಸಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು, 1998ರಲ್ಲಿ. ಆದರೆ ಪೈಪರೀನ್ ಬೇರೆ ಮಾತ್ರೆಗಳನ್ನೂ ಹಾಗೇ ಏರಿಸಬಲ್ಲದು. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಅದರಲ್ಲೊಂದು. ಇಂಥ ಕ್ಯಾಪ್ಸೂಲ್ ನುಂಗಿ ಲಿವರ್ ಕೆಟ್ಟದ್ದು ಇಟಲಿ, ಅಮೆರಿಕಗಳಿಂದ ವರದಿಯಾಗಿದೆ. ಉಪ್ಪಾಗೆ ಮಾತ್ರೆಯ ಮೇಲೂ ಅದೇ ದೂರು ಇದೆ. ಸಾರಿನ ಉಪ್ಪಾಗೆಗೆ ಹೆದರಬೇಡಿ.

ಕಷಾಯದ ಪುಡಿಗೆ ನಾವು ಹಾಕುವ ಜ್ಯೇಷ್ಠಮಧು ಕೂಡ, ದಿನಾ ಜಾಸ್ತಿ ಹೋದರೆ ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಬಿಪಿ ಇರುವವರು ಅದನ್ನು ಬಿಟ್ಟು, ಕೊತ್ತಂಬರಿ ಜೀರಿಗೆಯದೇ ಮಾಡಿಕೊಳ್ಳಿ.

ನಾನು ಎರಡನೇ ಮಾತಿಲ್ಲದೆ ಕೊಡುವುದು ಇಸಬ್‌ಗೋಲ್. ಮಲಬದ್ಧತೆಗೆ ಸರಿ, ಪಥ್ಯದ ಜೊತೆ ಕೆಟ್ಟ ಕೊಲೆಸ್ಟ್ರಾಲನ್ನೂ ಸ್ವಲ್ಪ ಇಳಿಸುತ್ತದೆ. ಪ್ರಯೋಗಗಳು ಬೇಕಾದಷ್ಟಿವೆ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಎಫ್‌ಡಿಎ 1998ರಲ್ಲೇ, ಇದು ಹೃದಯದ ಕಾಯಿಲೆಯ ಅಪಾಯ ಕಮ್ಮಿ ಮಾಡಬಹುದು ಅಂತ ಬರೆದುಕೊಳ್ಳಲು ಒಪ್ಪಿಗೆ ಕೊಟ್ಟಿದೆ. ದೊಡ್ಡ ಲೋಟ ನೀರಿನಲ್ಲಿ ಕುಡಿಯಿರಿ, ಇಲ್ಲದಿದ್ದರೆ ಗಂಟಲಲ್ಲಿ ಉಬ್ಬಿ ಕೂರುತ್ತದೆ. ಬೇರೆ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ಬಂಗಾರದ ಬಣ್ಣದ ಡಬ್ಬಿ ಇದಕ್ಕೆ ಬೇಕಾಗಿಲ್ಲ.

ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿರುವ ಚೂರ್ಣ, ಲೇಹ್ಯ, ಮಾತ್ರೆ ಎಲ್ಲ ಒಂದೇ ಚೀಲಕ್ಕೆ ಹಾಕಿ ಒಯ್ಯಿರಿ. "ಬೈತಾರೆ" ಅಂತ ಮುಚ್ಚಿಡಬೇಡಿ. ಆಪರೇಷನ್ ಇದ್ದರೆ ವಾರಗಳ ಮುಂಚೆಯೇ ಹೇಳಿ. ರಕ್ತ ತೆಳುವಾಗಲು ವಾರ್ಫರಿನ್ ತಗೊಳ್ಳುವವರು ಕೇಳದೆ ಯಾವುದನ್ನೂ ಶುರುಮಾಡಬೇಡಿ. ಮೂತ್ರ ಕಡು ಹಳದಿಯಾದರೆ, ಹಸಿವು ಸತ್ತರೆ, ಮೈ ತುರಿಸಿದರೆ, ಅವತ್ತೇ ನಿಲ್ಲಿಸಿ ಲಿವರ್ ಟೆಸ್ಟ್ ಮಾಡಿಸಿ. ಡಬ್ಬಿ ಎಸೆಯಬೇಡಿ, ಡಾಕ್ಟರಿಗೆ ಅದು ಬೇಕಾಗುತ್ತದೆ. ಅಡ್ಡಪರಿಣಾಮ ತಿಳಿಸಲು ಸರ್ಕಾರದ ಉಚಿತ ಸಂಖ್ಯೆ 1800-180-3024.

ಇನ್ನು ನನಗೆ ವಾಟ್ಸಾಪ್ ಮಾಡುವವರಿಗೆ ಒಂದು ಕೋರಿಕೆ. ಡಬ್ಬಿಯ ಮುಂಭಾಗದ ಫೋಟೋ ಬೇಡ. ಹಿಂಭಾಗದ್ದು ಕಳಿಸಿ, ಅಕ್ಷರ ಓದುವ ಹಾಗೆ, ಬೆಳಕಿನಲ್ಲಿ ಹಿಡಿದು.