ಭಾರ ಎಳೆಯುವ ಡೀಸೆಲ್ ಪಿಕಪ್‌ನ ಆರೈಕೆ

ಸಂಡೂರು ಸುತ್ತಲಿನ ಅದಿರು ಧೂಳಿನ ರಸ್ತೆಗಳಲ್ಲಿ ಟ್ರೇಲರ್ ಎಳೆಯುವ ಡೀಸೆಲ್ ಪಿಕಪ್‌ನಲ್ಲಿ ಮೊದಲು ಗಮನಿಸಬೇಕಾದದ್ದು ಏರ್ ಫಿಲ್ಟರ್. ಕೈಪಿಡಿ ಹೇಳುವ ಕಿಲೋಮೀಟರ್ ತುಂಬುವವರೆಗೆ ಕಾಯದೆ ವಾರಕ್ಕೊಮ್ಮೆ ತೆರೆದು ನೋಡಿ, ಮಡಿಕೆಗಳ ನಡುವೆ ಕೆಂಪು ಪುಡಿ ಗಟ್ಟಿಯಾಗಿ ಕೂತಿದ್ದರೆ ಹೊಸದನ್ನೇ ಹಾಕಿಸಬೇಕು. ಕಂಪ್ರೆಸರ್‌ನಿಂದ ಜೋರಾಗಿ ಗಾಳಿ ಹೊಡೆಸಿದರೆ ಕಾಗದ ಹರಿದು, ಧೂಳು ನೇರವಾಗಿ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೋ ಸೇರುತ್ತದೆ. ಬಳ್ಳಾರಿಯ ಬೇಸಿಗೆ 40 ಡಿಗ್ರಿ ದಾಟುವುದರಿಂದ ರೇಡಿಯೇಟರ್‌ಗೆ ಕಂಪನಿ ಸೂಚಿಸಿದ ಕೂಲಂಟನ್ನೇ ಬಳಸಬೇಕು. ಬೋರ್‌ವೆಲ್ ನೀರಿನ ಲವಣ ಒಳಗೆ ಪದರುಗಟ್ಟುತ್ತದೆ. ಭಾರ ಹೊತ್ತು ಏರು ಹತ್ತಿದ ಕೂಡಲೇ ಎಂಜಿನ್ ಆರಿಸದೆ, ಒಂದೆರಡು ನಿಮಿಷ ನಿಂತಲ್ಲೇ ಓಡಲು ಬಿಟ್ಟರೆ ಟರ್ಬೋ ಬೇರಿಂಗ್‌ನಲ್ಲಿ ಎಣ್ಣೆ ಸುಟ್ಟು ಕರಿಗಟ್ಟುವುದಿಲ್ಲ.

ಸುಧಾರಣೆಗೆ ಹಣವಿದ್ದರೆ, ನನ್ನ ದೃಷ್ಟಿಯಲ್ಲಿ, ಅದು ಮೊದಲು ಟ್ರೇಲರ್‌ನ ಬ್ರೇಕಿಗೆ ಹೋಗಬೇಕು. ಹಿಂದಿನ ಪಾಟಾ (ಭಾರ ಹೊರುವ ಲೀಫ್ ಸ್ಪ್ರಿಂಗ್ ಪಟ್ಟಿ) ಹೆಚ್ಚಿಸಿದ ಮಾತ್ರಕ್ಕೆ ನೋಂದಣಿ ಪತ್ರದಲ್ಲಿರುವ ತೂಕದ ಮಿತಿ ಹೆಚ್ಚುವುದಿಲ್ಲ.