ಮರಕ್ಕೆ ಜೇನುಮೇಣದ ಪಾಲಿಶ್: ನಾನು ಮನೆಯಲ್ಲಿ ಕಾಯಿಸುವ ಬಗೆ

28 ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದ ಕೈ ನನ್ನದು. ಉಳಿ ಹಿಡಿದದ್ದು ನಿವೃತ್ತಿಯಾದ ಮೇಲೆ. ಕೊಡಗಿನ ಚೇರಂಬಾಣೆ ಹತ್ತಿರ ನಮಗೊಂದು ಸಣ್ಣ ಕಾಫಿ ತೋಟ ಇದೆ. ಹಳೆ ರೊಬಸ್ಟಾ ಗಿಡ ಕಿತ್ತಾಗ ಸಿಗುವ ಬೊಡ್ಡೆ, ಗಾಳಿಗೆ ಬಿದ್ದ ಸಿಲ್ವರ್ ಓಕ್, ಅಟ್ಟದ ಮೇಲಿದ್ದ ಹಲಸಿನ ಹಲಗೆ, ಇವೇ ನನ್ನ ಬಂಡವಾಳ. ಸೌಟು, ರೊಟ್ಟಿ ಮಣೆ, ತರಕಾರಿ ಹೆಚ್ಚುವ ಹಲಗೆ, ಮೂರು ಕಾಲಿನ ಸ್ಟೂಲು ಮಾಡುತ್ತೇನೆ. ಮಾರುವುದಕ್ಕಲ್ಲ. ಮದುವೆ, ಗೃಹಪ್ರವೇಶ ಅಂತ ಕರೆದವರ ಮನೆಗೆ ಕವರ್ ಬದಲು ಒಂದು ಸೌಟು ಹಿಡಿದುಕೊಂಡು ಹೋಗುತ್ತೇನೆ, ಅಷ್ಟೆ.

ಮೊದಲ ವರ್ಷ ಎಲ್ಲದಕ್ಕೂ ವಾರ್ನಿಶ್ ಹೊಡೆದೆ. ನೋಡುವುದಕ್ಕೆ ಕನ್ನಡಿ ಹಾಗಿತ್ತು. ಆರು ತಿಂಗಳಲ್ಲಿ ರೊಟ್ಟಿ ಮಣೆಯ ಮೇಲಿನ ಪದರ ಸಿಪ್ಪೆ ಸಿಪ್ಪೆಯಾಗಿ ಎದ್ದು ಬಂತು. ಅಕ್ಕಿ ರೊಟ್ಟಿಯಲ್ಲಿ ಮಿಂಚುವ ಚೂರು ಕಂಡ ದಿನ ಹೆಂಡತಿ ಮಣೆಯನ್ನು ನೇರ ಸೌದೆ ಕೊಟ್ಟಿಗೆಗೆ ಹಾಕಿದಳು. ಆಮೇಲೆ ಜೇನುಮೇಣಕ್ಕೆ ಬಂದೆ.

ಕೊಡಗಿನಲ್ಲಿ ಇದ್ದುಕೊಂಡು ಮೇಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ವಿರಾಜಪೇಟೆ, ಭಾಗಮಂಡಲ ಕಡೆ ಜೇನು ಸಹಕಾರ ಸಂಘಗಳು ಹಿಂದಿನಿಂದಲೂ ಇವೆ. ಜೇನಿಗೆ ಅಂತ ಹೋದವರು ಮೇಣವನ್ನೂ ಕೇಳಿ ನೋಡಿ. ಇಲ್ಲದಿದ್ದರೆ ಪೆಟ್ಟಿಗೆ ಇಟ್ಟವರು ಊರಿಗೆ ನಾಲ್ಕು ಜನ ಇದ್ದೇ ಇರುತ್ತಾರೆ. 1991-92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಂದು ತುಡುವೆ ಜೇನು ಪೆಟ್ಟಿಗೆ ಪೆಟ್ಟಿಗೆಯೇ ಖಾಲಿಯಾಗಿತ್ತು. ಆ ವರ್ಷಗಳಲ್ಲಿ ನನ್ನ ಬಸ್ಸಿಗೆ ಖಾಲಿ ಪೆಟ್ಟಿಗೆ ಹೇರಿಕೊಂಡು ಬಂದು ಸುಮ್ಮನೆ ಕೂತವರನ್ನು ನೋಡಿದ್ದೇನೆ. ಈಗ ಮತ್ತೆ ಸಾಕುವವರು ಇದ್ದಾರೆ. ಕಾಫಿ ಹೂ ಮುಗಿದು ಜೇನು ತೆಗೆಯುವ ಹೊತ್ತಿಗೆ, ಅಂದರೆ ಏಪ್ರಿಲ್, ಮೇ ತಿಂಗಳಲ್ಲಿ, ಅವರಿಗೆ ಮೊದಲೇ ಹೇಳಿಟ್ಟಿರಬೇಕು.

ಕೇಳುವಾಗ ಎರಿಯ, ಅಂದರೆ ಜೇನು ತುಂಬಿದ ಮೇಣದ ಗೂಡಿನ, ಮೇಲಿಂದ ಕೆತ್ತಿ ತೆಗೆದ ಮುಚ್ಚಳದ ಪದರ ಕೇಳಿ. ಅದು ತಿಳಿ ಹಳದಿ, ಒಳ್ಳೆ ಪರಿಮಳ. ಮರಿ ಬೆಳೆದ ಹಳೆ ಕಪ್ಪು ಎರಿ ಕೊಟ್ಟರೆ ಕಸವೇ ಜಾಸ್ತಿ, ಮೇಣ ಕಡಿಮೆ. ಹೆಜ್ಜೇನಿನ ಮೇಣವೂ ಆಗುತ್ತದೆ, ಮರಕ್ಕೇನು ಭೇದವಿಲ್ಲ.

ಸೋಸುವುದು ಹೀಗೆ. ಎರಿಯನ್ನು ಹಳೆ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಗಂಟಿನೊಳಗೆ ಒಂದು ಕಲ್ಲನ್ನೂ ಹಾಕಿ. ಅಲ್ಯೂಮಿನಿಯಂ ಅಥವಾ ಸ್ಟೀಲ್ ಪಾತ್ರೆಯಲ್ಲಿ ನೀರು ತುಂಬಿ ಗಂಟು ಮುಳುಗಿಸಿ. ಕಬ್ಬಿಣದ ಬಾಣಲೆ ಬೇಡ, ಮೇಣ ಕಪ್ಪಾಗುತ್ತದೆ. ತಾಮ್ರವೂ ಬೇಡ, ಹಸಿರು ಬಣ್ಣ ಬಿಡುತ್ತದೆ. ನೀರು ಕೊತಕೊತ ಕುದಿಯಬಾರದು, ಹಬೆಯಾಡಿದರೆ ಸಾಕು. ಮೇಣ ಕರಗಿ ಬಟ್ಟೆಯಿಂದ ಹೊರಬಂದು ಮೇಲೆ ತೇಲುತ್ತದೆ, ಕಸ ಗಂಟಿನಲ್ಲೇ ಉಳಿಯುತ್ತದೆ. ಒಲೆ ಆರಿಸಿ, ಪಾತ್ರೆ ಮುಚ್ಚಿ, ಬೆಳಗಿನವರೆಗೆ ಅಲ್ಲಾಡಿಸದೆ ಬಿಡಿ. ಬೆಳಿಗ್ಗೆ ನೀರಿನ ಮೇಲೆ ರೊಟ್ಟಿ ಹಾಗೆ ಒಂದು ಬಿಲ್ಲೆ ಕೂತಿರುತ್ತದೆ. ಅದರ ಅಡಿಯಲ್ಲಿ ಅಂಟಿದ ಕಂದು ಕೊಳೆಯನ್ನು ಚಾಕುವಿನಿಂದ ಕೆರೆದರೆ ಆಯಿತು. ತೃಪ್ತಿ ಇಲ್ಲದಿದ್ದರೆ ಇನ್ನೊಂದು ಸಲ ಕರಗಿಸಿ. ನಾನು ಎರಡು ಸಲ ಸೋಸುತ್ತೇನೆ.

ಅಂಗಡಿಯಲ್ಲಿ ಕೊಳ್ಳುವವರು ಒಂದು ಚೂರು ಕೈಯಲ್ಲಿ ಹಿಡಿದು ನೋಡಿ. ಅಸಲಿ ಮೇಣ ಮುರಿದ ಕಡೆ ತರಿತರಿಯಾಗಿ ಕಾಣುತ್ತದೆ. ಬೆರಳ ಬಿಸಿಗೆ ಮಿದ್ದರೆ ಹಿಟ್ಟಿನ ಹಾಗೆ ಹದಕ್ಕೆ ಬರುತ್ತದೆ, ಜೇನಿನ ವಾಸನೆ ಕೊಡುತ್ತದೆ. ಮೇಣದಬತ್ತಿಯ ಮೇಣ ಬೆರೆಸಿದ್ದರೆ ಜಿಡ್ಡು ಜಿಡ್ಡು. ಹಳೆ ಬಿಲ್ಲೆಯ ಮೇಲೆ ಬೂದಿ ಹಾಗೆ ಬಿಳಿ ಪುಡಿ ಕಂಡರೆ ಬೂಸ್ಟು ಅಂತ ಬಿಸಾಡಬೇಡಿ. ಮೇಣದ ಗುಣವೇ ಅದು. ಸ್ವಲ್ಪ ಬಿಸಿ ತಾಗಿದರೆ ಹೋಗುತ್ತದೆ.

ಈಗ ಎಣ್ಣೆಯ ಮಾತು. ಎಲ್ಲರೂ ಜಗಳ ಆಡುವುದು ಇಲ್ಲೇ. ನಾನು ಕೆಡಿಸಿ ಕೆಡಿಸಿ ಕಲಿತದ್ದನ್ನು ಹೇಳುತ್ತೇನೆ.

ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಬೇಡ. ಮರದೊಳಗೆ ಕೂತು ಹಳತಾಗಿ ಕಮಟು ವಾಸನೆ ಬರುತ್ತದೆ. ತೆಂಗಿನ ಎಣ್ಣೆ ಅಷ್ಟು ಬೇಗ ಕೆಡುವುದಿಲ್ಲ, ಮನೆಯಲ್ಲೇ ಇರುತ್ತದೆ, ಸೌಟಿಗೆ ಒಳ್ಳೆಯದು. ಆದರೆ ಅದು 24 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗುವ ಎಣ್ಣೆ. ಡಿಸೆಂಬರ್ ಚಳಿಯಲ್ಲಿ ನಮ್ಮ ಕಡೆ ಬಾಟಲಿಗೆ ಕಡ್ಡಿ ಹಾಕಿ ಕುತ್ತಬೇಕು, ಅಲ್ವಾ? ಅದನ್ನು ಹಾಕಿ ಮಾಡಿದ ಪಾಲಿಶ್ ಕೂಡ ಹಾಗೇ. ಚಳಿಗೆ ಕಲ್ಲು, ಬೇಸಿಗೆಗೆ ನೀರು.

ಹೆಚ್ಚುವ ಹಲಗೆಗೆ, ರೊಟ್ಟಿ ಮಣೆಗೆ ನಾನು ಹಾಕುವುದು ಮೆಡಿಕಲ್ ಶಾಪಿನ ಲಿಕ್ವಿಡ್ ಪ್ಯಾರಾಫಿನ್. ಮಲಬದ್ಧತೆಗೆ ಕೊಡುವ ಅದೇ ಬಣ್ಣವಿಲ್ಲದ ಎಣ್ಣೆ. ವಾಸನೆ ಇಲ್ಲ, ಕೆಡುವುದಿಲ್ಲ, ಹೊಟ್ಟೆಗೆ ಹೋದರೂ ವಿಷವಲ್ಲ. ಒಂದೇ ಕುಂದು ಅಂದರೆ ಅದು ಒಣಗುವ ಎಣ್ಣೆಯಲ್ಲ. ತೊಳೆದ ಹಾಗೆ ಹೋಗುತ್ತಿರುತ್ತದೆ, ಮತ್ತೆ ಮತ್ತೆ ಹಚ್ಚಬೇಕು.

ಸ್ಟೂಲು, ಪೆಟ್ಟಿಗೆ, ಫೋಟೊ ಚೌಕಟ್ಟಿಗೆಲ್ಲ ಅಗಸೆ ಎಣ್ಣೆ. ಕ್ರಿಕೆಟ್ ಬ್ಯಾಟಿಗೆ ಹಚ್ಚುತ್ತಾರಲ್ಲ, ಅದೇ. (ನಮ್ಮದು ಹಾಕಿ ಆಡುವ ಊರು, ಆದರೂ ಬ್ಯಾಟು ಎಲ್ಲ ಮನೆಯಲ್ಲೂ ಇದೆ.) ಇದು ಗಾಳಿಯಲ್ಲಿರುವ ಆಮ್ಲಜನಕ ಹೀರಿ ಮರದೊಳಗೇ ಗಟ್ಟಿಯಾಗುತ್ತದೆ. ಪೇಂಟ್ ಅಂಗಡಿಯಲ್ಲಿ 'ಬಾಯಿಲ್ಡ್' ಅಂತ ಬರೆದ ಡಬ್ಬ ಕೊಡುತ್ತಾರೆ. ಅದಕ್ಕೆ ಬೇಗ ಒಣಗಲಿ ಅಂತ ಲೋಹದ ಲವಣ ಸೇರಿಸಿರುತ್ತಾರೆ. ಊಟದ ಪಾತ್ರೆಗೆ ಅದು ಬೇಡವೇ ಬೇಡ. ಕಾಯಿಸದ ಅಗಸೆ ಎಣ್ಣೆ ಕೇಳಿ ತನ್ನಿ. ಒಣಗಲು ನಿಧಾನ, ಆದರೆ ನಂಬಬಹುದು.

ಅಳತೆ ಒಂದಕ್ಕೆ ನಾಲ್ಕು, ತೂಕದ ಲೆಕ್ಕ. 50 ಗ್ರಾಂ ಮೇಣಕ್ಕೆ 200 ಗ್ರಾಂ ಎಣ್ಣೆ. ಗಟ್ಟಿ ಬೇಕಿದ್ದರೆ 150 ಗ್ರಾಂ ಎಣ್ಣೆ ಸಾಕು. ಕಾಫಿ ಪುಡಿ ತೂಗುವ ಸಣ್ಣ ತಕ್ಕಡಿ ಇದ್ದರೆ ಒಳ್ಳೆಯದು, ಕಣ್ಣಳತೆ ಇಲ್ಲಿ ಕೈಕೊಡುತ್ತದೆ. ಮೇಣ ಚೂರು ಮಾಡಲು ಕ್ಯಾರೆಟ್ ತುರಿಮಣೆ ಮುಟ್ಟಬೇಡಿ. ನಾನು ಮುಟ್ಟಿದ್ದೆ. ಯಾವ ಸೋಪಿಗೂ ಬಿಡಲಿಲ್ಲ, ಎರಡು ದಿನ ಮನೆಯಲ್ಲಿ ಮಾತು ಕಡಿಮೆ ಇತ್ತು. ಬಿಲ್ಲೆಯನ್ನು ಬೆಳಗಿನ ಚಳಿಯಲ್ಲಿ ಗೋಣಿಯೊಳಗಿಟ್ಟು ಸುತ್ತಿಗೆಯಿಂದ ಎರಡು ಏಟು ಹಾಕಿದರೆ ತಾನೇ ಪುಡಿಯಾಗುತ್ತದೆ.

ಕಾಯಿಸುವಾಗ ಡಬ್ಬವನ್ನು ನೇರ ಬೆಂಕಿಯ ಮೇಲೆ ಇಡಬೇಡಿ. ದೊಡ್ಡ ಪಾತ್ರೆಯಲ್ಲಿ ನಾಲ್ಕು ಬೆರಳು ನೀರು, ತಳಕ್ಕೆ ಒಂದು ತಟ್ಟೆ ಬೋರಲು, ಅದರ ಮೇಲೆ ಮೇಣ ಮತ್ತು ಎಣ್ಣೆ ಎರಡೂ ಇರುವ ಸ್ಟೀಲ್ ಡಬ್ಬ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಗೆ. ಅದಕ್ಕೆ ನೀರಿನ ಬಿಸಿ ಧಾರಾಳ. ನೇರ ಉರಿಗೆ ಇಟ್ಟು ಮರೆತರೆ ಹೊಗೆ ಬಂದು ಬೆಂಕಿಯೇ ಹತ್ತಬಹುದು. ಹತ್ತಿದರೆ ನೀರು ಹಾಕಬೇಡಿ, ಮುಚ್ಚಳ ಮುಚ್ಚಿ ಉರಿ ಆರಿಸಿ. ಡಬ್ಬದೊಳಗೆ ನೀರಿನ ಹನಿ ಬೀಳದ ಹಾಗೂ ನೋಡಿಕೊಳ್ಳಿ. ಎಣ್ಣೆ, ಮೇಣ ಒಟ್ಟಿಗೇ ಬಿಸಿಯಾಗಬೇಕು. ಕರಗಿದ ಮೇಣಕ್ಕೆ ತಣ್ಣನೆ ಎಣ್ಣೆ ಸುರಿದರೆ ಗಂಟು ಗಂಟಾಗಿ ಮತ್ತೆ ಕಾಯಿಸಬೇಕಾಗುತ್ತದೆ.

ಎಲ್ಲ ಕರಗಿ ತಿಳಿ ಚಹಾ ಹಾಗೆ ಆದಾಗ ಹದ ನೋಡಬೇಕು. ಬೆಲ್ಲದ ಪಾಕ ನೋಡುತ್ತೀರಲ್ಲ, ಹಾಗೇ. ತಣ್ಣನೆ ಸ್ಟೀಲ್ ತಟ್ಟೆಗೆ ಒಂದು ಹನಿ ಬಿಡಿ, ಎರಡು ನಿಮಿಷ ಬಿಟ್ಟು ಬೆರಳಲ್ಲಿ ಒತ್ತಿ. ಬೆರಳು ಸುಲಭವಾಗಿ ಇಳಿದು, ಉಜ್ಜಿದಾಗ ತುಪ್ಪದ ಹಾಗೆ ಹರಡಿದರೆ ಸರಿ. ಉಗುರಿನಿಂದ ಕೆರೆಯಬೇಕಾಯಿತೇ, ಇನ್ನೊಂದು ಚಮಚ ಎಣ್ಣೆ ಹಾಕಿ. ಜಾರಿ ಹೋಯಿತೇ, ಒಂದು ಚೂರು ಮೇಣ. ಆಮೇಲೆ ಬಾಯಿ ಅಗಲದ ಬಾಟಲಿಗೆ ಸುರಿದು, ತಣಿಯುವ ತನಕ ಮುಚ್ಚಳ ಹಾಕಬೇಡಿ. ಕಾಯಿಸಿದ ಡಬ್ಬವನ್ನು ಬಿಸಿ ಇದ್ದಾಗಲೇ ಪೇಪರಿನಿಂದ ಒರೆಸಿಬಿಡಿ. ಸಿಂಕಿಗೆ ಸುರಿದರೆ ಪೈಪಿನಲ್ಲಿ ಹೋಗಿ ಕೂರುತ್ತದೆ.

ಹಚ್ಚುವ ಮೊದಲು ಮರ ತಯಾರಾಗಿರಬೇಕು. 120, 180, 220 ನಂಬರಿನ ಸ್ಯಾಂಡ್ ಪೇಪರಿನಲ್ಲಿ ಎಳೆಯ ಜೊತೆಗೇ ಉಜ್ಜಿ, ಅಡ್ಡ ಉಜ್ಜಬೇಡಿ. ಸಿಲ್ವರ್ ಓಕ್ ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಅದರ ಪುಡಿ ಕೆಲವರಿಗೆ ತುರಿಕೆ ತರಿಸುತ್ತದೆ. ಊಟದ ಸಾಮಾನಾದರೆ ಕೊನೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡಿ. ಮುಟ್ಟಿದರೆ ಎರಡು ದಿನದ ಗಡ್ಡದ ಹಾಗೆ ಚುಚ್ಚುತ್ತದೆ. ಅದನ್ನು ಮತ್ತೆ 220ರಲ್ಲಿ ಹಗುರವಾಗಿ ತೆಗೆದುಬಿಟ್ಟರೆ ಮುಂದೆ ತೊಳೆದಾಗ ಏಳುವುದಿಲ್ಲ.

ಹಚ್ಚುವುದಕ್ಕೆ ಹಳೆ ಬನಿಯನ್ ತುಂಡಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಅವರೆಕಾಳಿನಷ್ಟು ಪಾಲಿಶ್ ತೆಗೆದುಕೊಂಡರೆ ಅಂಗೈ ಎರಡರಷ್ಟು ಜಾಗ ಆಗಬೇಕು. ಮರ ಒದ್ದೆಯಾದ ಹಾಗೆ ಕಂಡರೆ ಸಾಕು, ಮೇಲೆ ಕೆನೆ ನಿಲ್ಲಬಾರದು. ಹಲಗೆಯ ತುದಿ, ಅಂದರೆ ಎಳೆ ಕಡಿದ ಕಡೆ, ಜಾಸ್ತಿ ಕುಡಿಯುತ್ತದೆ. ಅಲ್ಲಿಗೆ ಮಾತ್ರ ಎರಡೆರಡು ಸಲ. ಅರ್ಧ ಗಂಟೆ ಬಿಟ್ಟು ಒಣ ಬಟ್ಟೆಯಲ್ಲಿ ಕೈ ಬಿಸಿಯಾಗುವ ತನಕ ತಿಕ್ಕಿ. ಲಿಕ್ವಿಡ್ ಪ್ಯಾರಾಫಿನ್ ಆದರೆ ಮರುದಿನವೇ ಎರಡನೇ ಕೈ ಹಚ್ಚಬಹುದು. ಅಗಸೆ ಎಣ್ಣೆ ಆದರೆ ಮೂರು ನಾಲ್ಕು ದಿನವಾದರೂ ಬಿಡಿ. ಮೂರು ಕೈ ಆದ ಮೇಲೆ ಹಲಸಿನ ಹಲಗೆ ನೋಡಬೇಕು! ಹಳದಿ ಇದ್ದದ್ದು ಜೇನಿನ ಬಣ್ಣಕ್ಕೆ ತಿರುಗಿರುತ್ತದೆ. ಸಿಲ್ವರ್ ಓಕಿನಲ್ಲಿ ಮೀನಿನ ಪೊರೆ ಹಾಗೆ ಇರುವ ಚುಕ್ಕೆಗಳು ಬೆಳಕಿಗೆ ಹೊಳೆಯುತ್ತವೆ. ಕಾಫಿ ಮರ ಅಷ್ಟೇನೂ ಬದಲಾಗುವುದಿಲ್ಲ, ಆದರೆ ಕೈಗೆ ಬೆಣ್ಣೆ.

ಇದನ್ನೆಲ್ಲ ಮಳೆಗಾಲದಲ್ಲಿ ಮಾಡಬೇಡಿ. ಒಂದು ಜುಲೈಯಲ್ಲಿ ಕರೆಂಟಿಲ್ಲ, ಹೊರಗೆ ಹೋಗುವ ಹಾಗಿಲ್ಲ ಅಂತ ಕೂತು ಒಂದು ಸ್ಟೂಲಿಗೆ ಅಗಸೆ ಎಣ್ಣೆಯ ಪಾಲಿಶ್ ದಪ್ಪಗೆ ಬಳಿದೆ. ಹತ್ತು ದಿನ ಕಳೆದರೂ ಅಂಟು ಹೋಗಲಿಲ್ಲ. ಅಷ್ಟರಲ್ಲಿ ಮನೆಗೆ ಬಂದ ಭಾವ ಬಿಳಿ ಪಂಚೆಯಲ್ಲಿ ಅದರ ಮೇಲೆ ಕೂತರು. ಏಳುವಾಗ ಸ್ಟೂಲೂ ಸ್ವಲ್ಪ ಎದ್ದಿತು. ಆಗಸ್ಟಿನಲ್ಲಿ ಅದೇ ಸ್ಟೂಲಿನ ಮೇಲೆ ಹಸಿರು ಬೂಸ್ಟು. ಕೊನೆಗೆ ಎಲ್ಲ ಕೆರೆದು, ತುಲಾ ಸಂಕ್ರಮಣ ಕಳೆದು ಬಿಸಿಲು ಬಿದ್ದ ಮೇಲೆ ತೆಳ್ಳಗೆ ಹಚ್ಚಿದೆ. ಈಗಲೂ ಇದೆ ಜಗಲಿಯಲ್ಲಿ. ನವೆಂಬರಿನಿಂದ ಮೇ ತನಕ ಹಚ್ಚಿ, ಮಳೆಯಲ್ಲಿ ಉಳಿ ಹರಿತ ಮಾಡಿಕೊಂಡು ಕೂತಿರಿ.

ಅಗಸೆ ಎಣ್ಣೆ ಬಳಸುವವರಿಗೆ ಇನ್ನೊಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಣ್ಣೆಯಾದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗಿನ ಬಿಸಿಗೆ ಹೊರಗೆ ಹೋಗಲು ದಾರಿಯಿಲ್ಲದೆ ಬೆಂಕಿ ತಾನಾಗಿ ಹತ್ತುತ್ತದೆ, ಕಡ್ಡಿ ಗೀರಬೇಕಾಗಿಲ್ಲ. ಒಂದು ಮಧ್ಯಾಹ್ನ ಹೊಟ್ಟಿನ ಬಕೆಟಿಗೆ ಎಸೆದಿದ್ದ ಬಟ್ಟೆ ತೆಗೆಯಲು ಕೈ ಹಾಕಿದೆ, ಒಳಗೆ ಇಸ್ತ್ರಿ ಮಾಡಿದ ಅಂಗಿಯಷ್ಟು ಬಿಸಿ. ಪಕ್ಕದಲ್ಲೇ ಒಣ ಕಾಫಿ ಚೀಲಗಳಿದ್ದವು. ಅವತ್ತಿನಿಂದ ಬಟ್ಟೆಯನ್ನು ಬೇಲಿಯ ಮೇಲೆ ಒಂಟಿಯಾಗಿ ಹರಡುತ್ತೇನೆ. ಪೂರ್ತಿ ಒಣಗಿ ಗರಿಗರಿ ಆದ ಮೇಲೆಯೇ ಬಿಸಾಡುವುದು. ಹೊರಗೆ ಹರಡಲು ಆಗದಿದ್ದರೆ ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿಡಿ.

ಈ ಪಾಲಿಶಿನಿಂದ ಏನೆಲ್ಲ ಆಗುವುದಿಲ್ಲ ಅನ್ನುವುದೂ ಗೊತ್ತಿರಲಿ. ಬಿಸಿ ಪಾತ್ರೆ ಇಟ್ಟರೆ ಮೇಣ ಕರಗಿ ಉಂಗುರ ಬೀಳುತ್ತದೆ. ಮಳೆಗೆ ನೆನೆಯುವ ಗೇಟು, ಅಂಗಳದ ಬೆಂಚಿಗೆ ಹಚ್ಚಿದರೆ ನಮ್ಮ ಮಳೆ ಒಂದೇ ವಾರದಲ್ಲಿ ತೊಳೆದುಕೊಂಡು ಹೋಗುತ್ತದೆ. ಮಣೆಯ ಮೇಲೆ ನೀರು ಚಿಮುಕಿಸಿ ನೋಡಿ. ಕೆಸುವಿನ ಎಲೆಯ ಮೇಲಿನ ಹಾಗೆ ಮಣಿಯಾಗಿ ನಿಂತರೆ ಸರಿ, ಹೀರಿಕೊಂಡು ಕಪ್ಪಾದರೆ ಇನ್ನೊಂದು ಕೈ ಹಚ್ಚುವ ಕಾಲ ಬಂತು. ನಮ್ಮ ಮನೆಯಲ್ಲಿ ಎರಡು ಮೂರು ತಿಂಗಳಿಗೊಮ್ಮೆ ಹಚ್ಚುತ್ತೇವೆ.

ಹಸಿ ಕಾಫಿ ಬೊಡ್ಡೆ ತಂದಾಗಲೂ ಮೇಣ ಕೆಲಸಕ್ಕೆ ಬರುತ್ತದೆ. ಎಣ್ಣೆ ಹಾಕದ ಬರೀ ಮೇಣ ಕರಗಿಸಿ ಎರಡೂ ತುದಿಗೆ ಬಳಿದು ನೆರಳಲ್ಲಿ ಇಡಿ. ತುದಿಯಿಂದ ನೀರು ದಿಢೀರ್ ಆರದೆ ಬಿರುಕು ಕಡಿಮೆ ಬೀಳುತ್ತದೆ.

ಬಾಟಲಿಯ ಮೇಲೆ ಹೆಸರು ಬರೆಯಲು ಮರೆಯಬೇಡಿ. ಗಟ್ಟಿಯಾದ ಮೇಲೆ ಇದು ನೋಡುವುದಕ್ಕೆ ಥೇಟ್ ಊರ ತುಪ್ಪ. ಹೋದ ಹುತ್ತರಿ ಸಮಯದಲ್ಲಿ ಬಂದ ನೆಂಟರೊಬ್ಬರು ಅಡುಗೆಮನೆಯ ಕಟ್ಟೆಯಲ್ಲಿದ್ದ ಬಾಟಲಿ ತೆಗೆದು ಬಿಸಿ ರೊಟ್ಟಿಗೆ ಎರಡು ಚಮಚ ಸವರಿಕೊಂಡರು. "ಜೇನಿನ ಪರಿಮಳ ಇದೆಯಲ್ಲ ಅಣ್ಣ, ಯಾವ ಹಸುವಿನದು?" ಅಂತ ಕೇಳಿದರು. ಅದು ಪ್ಯಾರಾಫಿನ್ ಹಾಕಿದ್ದು. ಮಾರನೇ ಬೆಳಿಗ್ಗೆ ಅವರು ಮೂರು ಸಲ ಹಿತ್ತಲಿಗೆ ಹೋದದ್ದನ್ನು ನಾನು ಕಂಡೂ ಕಾಣದ ಹಾಗೆ ಇದ್ದೆ. ಈಗ ಬಾಟಲಿ ಮೇಲೆ ಕೆಂಪು ಪೇಂಟಿನಲ್ಲಿ 'ಮರಕ್ಕೆ' ಅಂತ ಬರೆದು ಉಳಿ ಇಡುವ ಕಪಾಟಿನಲ್ಲಿಟ್ಟಿದ್ದೇನೆ.